ಭಟ್ಟಿಮನೆಯ ಮೂರನೆಯ ಹೊಟ್ಟೆ

ನಾನು ಆ ಊರಿಗೆ ಕೆಲಸಕ್ಕೆ ಹೋದ ದಿನ ಕಚೇರಿಯ ಮುಖ್ಯ ಅಧಿಕಾರಿ ಹುದ್ದಾರ ಸಾಹೇಬರು ನನ್ನನ್ನು ಎದುರಿಗೆ ಕೂರಿಸಿಕೊಂಡು ಮೊದಲು ಕೇಳಿದ್ದು ಓದಿನ ಬಗ್ಗೆ ಅಲ್ಲ, ಊಟದ ಬಗ್ಗೆ.

"ಈ ಊರಾಗ ನಿಮ್ಮ ಬಳಗದವರು ಯಾರರ ಅದಾರೇನು? ಯಾರ ಮನ್ಯಾಗರ ಉಂಡೀರೇನು? ಒಂದು ಕಪ್ ಚಾ ಕುಡಿದಿದ್ರೂ ಈಗ ಹೇಳಿಬಿಡ್ರಿ."

ಇಲ್ಲ ಎಂದೆ. ಬಸ್ಸಿಳಿದು ನೇರವಾಗಿ ಕಚೇರಿಗೆ ಬಂದಿದ್ದೆ. ದಾರಿಯಲ್ಲಿ ಒಂದು ಬಾಳೆಹಣ್ಣು ತಿಂದಿದ್ದೆ, ಅದೂ ಹಿಂದಿನ ಊರಿನದು. ಸಾಹೇಬರ ಮುಖ ಅರಳಿತು. "ಛಲೋ ಆತು. ನಿಮ್ಮಂಥಾವರ ಬೇಕಾಗಿತ್ತು ನಮಗ," ಎಂದು ಲ್ಯಾಬಿನ ಬೀಗದ ಕೈ ಕೊಟ್ಟರು.

ಆ ಊರಿನಲ್ಲಿ ಯಾರು ಯಾವ ಮನೆಯವರೆಂದು ಹೊಟ್ಟೆಯೇ ಹೇಳಬೇಕು. ಇಬ್ಬರ ಹೊಟ್ಟೆಯ ಸೂಕ್ಷ್ಮಜೀವಿಗಳನ್ನು ಒಂದೇ ಗಾಜಿನ ಬಟ್ಟಲಿನಲ್ಲಿ ಎದುರುಬದುರು ಬಿತ್ತಿ ಬೆಚ್ಚಗಿಡುತ್ತಾರೆ. ಬೆಳಗಾಗುವಷ್ಟರಲ್ಲಿ ಅವು ಎರಡೂ ಕಡೆಯಿಂದ ಬಳೆಬಳೆಯಾಗಿ ಹರಡುತ್ತ ನಡುವೆ ಬಂದು ಭೇಟಿಯಾಗುತ್ತವೆ. ಕೂಡಿ ಒಂದಾದರೆ ಇಬ್ಬರದೂ ಒಂದೇ ಮನೆ. ನಡುವೆ ಕೂದಲೆಳೆಯಷ್ಟು ಗೆರೆ ಉಳಿದರೂ ಬೇರೆ ಬೇರೆ ಮನೆ. ರೇಷನ್ ಕಾರ್ಡು, ದತ್ತು, ಆಸ್ತಿಯ ಪಾಲು, ಎಲ್ಲವೂ ಆ ಗೆರೆ ನೋಡಿಕೊಂಡೇ ನಡೆಯುತ್ತಿದ್ದವು. ಮದುವೆಯಾಗಿ ಬಂದ ಹೆಣ್ಣಿನ ಹೆಸರನ್ನು ಗಂಡನ ಮನೆಯ ಕಾರ್ಡಿಗೆ ಸೇರಿಸಲು ಗೆರೆ ಅಳಿಯುವ ತನಕ ಕಾಯುತ್ತಿದ್ದರು. ಅತ್ತೆಯ ಅಡುಗೆ ಸೇರದ ಸೊಸೆಯರು ಎರಡು ಮಕ್ಕಳ ತಾಯಿಯಾದರೂ ತವರಿನ ಕಾರ್ಡಿನಲ್ಲೇ ಸಕ್ಕರೆ ತರುತ್ತಿದ್ದರು. ಯಾರಿಗೂ ಇದು ವಿಚಿತ್ರ ಅನ್ನಿಸಿದ್ದಿಲ್ಲ.

ನನ್ನ ಕೆಲಸ ಬಿತ್ತುವುದು, ಬೆಳೆಸುವುದು, ಗೆರೆ ಓದುವುದು. ಜನ ಮುಂಜಾನೆಯೇ ಬಹಿರ್ದೆಸೆ ಮುಗಿಸಿ ತಮ್ಮ ತಮ್ಮ ಡಬ್ಬಿ ತಂದು ಸಾಲು ನಿಲ್ಲುತ್ತಿದ್ದರು. ಸಂಭಾವಿತರು ಅದನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ ತರುತ್ತಿದ್ದರು. ಒಬ್ಬ ವಕೀಲರಂತೂ ಪ್ರಸಾದ ಕೊಡುವವರ ಹಾಗೆ ಎರಡೂ ಕೈಯಲ್ಲಿ ಹಿಡಿದು ಕೊಟ್ಟಿದ್ದರು. ಡಬ್ಬಿಯಲ್ಲಿದ್ದುದನ್ನು ಮೊದಲು ಮ್ಯಾಕಾಂಕಿ ಎಂಬ ಕೆಂಪು ಅಗರಿನ ಮೇಲೆ ಎಳೆಯುತ್ತಿದ್ದೆ. ಅಗರ್ ಎಂದರೆ ಜೀವಿಗಳು ತಿಂದು ಬೆಳೆಯುವ ಗಟ್ಟಿ ಗಂಜಿಯಂಥದು. ಎಲ್ಲರ ಹೊಟ್ಟೆಯಲ್ಲೂ ಇರುವ ಸಾಮಾನ್ಯ ಜೀವಿಗಳು ಅದರ ಮೇಲೆ ದಾಳಿಂಬೆ ಕಾಳಿನಂತೆ ಗುಲಾಬಿಯಾಗಿ ಬೆಳೆಯುತ್ತವೆ. ಮನೆಯ ಗುರುತು ಹೇಳುವ, ನನಗೆ ಬೇಕಾದವನು ಅವುಗಳ ನಡುವೆ ಬಣ್ಣವಿಲ್ಲದೆ ಮುದುಡಿ ಕುಳಿತಿರುತ್ತಿದ್ದ. ಅವನನ್ನು ತಂತಿಯ ತುದಿಯಿಂದ ಮುಟ್ಟಿ ಯೂರಿಯಾ ನಳಿಗೆಯಲ್ಲಿ ಹಾಕಿದರೆ ಹಳದಿ ಬಣ್ಣ ಸಂಜೆಯೊಳಗೆ ಗುಲಾಬಿಗೆ ತಿರುಗುತ್ತದೆ. ಆಗ ಅವನೇ ಎಂದು ಖಾತ್ರಿ. ಕೆಂಪು ಅಗರಿನ ಮೇಲೆ ಅಷ್ಟು ಸಂಕೋಚದಿಂದ ಕೂತವನು ಸಾದಾ ಅಗರಿಗೆ ಬಿದ್ದನೆಂದರೆ ಹದ್ದುಬಸ್ತಿಲ್ಲದೆ ಹರಿದಾಡುತ್ತಾನೆ. ಲ್ಯಾಬಿನಲ್ಲಿ ಅವನಿಗೆ ಹರಿದಾಡೋನು ಎಂದೇ ಹೆಸರು. ಅವನು ಓಡಾಡಿದ ಮೇಲೆ ಕೋಣೆಯೆಲ್ಲ ಒಣಮೀನಿನ ವಾಸನೆ.

ಪರೀಕ್ಷೆ ಸರಿಯಾಗಿದೆ ಎಂದು ತೋರಿಸಲು ಬಟ್ಟಲಿನಲ್ಲಿ ಮೂರನೆಯದೊಂದು ಬೇಕು. ಅದು ಊರಿಗೆ ಸಂಬಂಧವೇ ಇಲ್ಲದವರದಾಗಿರಬೇಕು. ಅದಕ್ಕೆ ಸಾಕ್ಷಿ ಎನ್ನುತ್ತಿದ್ದರು, ಮತ್ತು ಆ ಸಾಕ್ಷಿ ಯಾವಾಗಲೂ ಲ್ಯಾಬಿನವರದೇ. ಆದ್ದರಿಂದ ನಾನು ಯಾರ ಮನೆಯಲ್ಲೂ ಉಣ್ಣುವಂತಿಲ್ಲ. ಅಗರ್ ಕುದಿಸುವ ಒಲೆಯ ಮೇಲೆಯೇ ಪಕ್ಕದಲ್ಲಿ ಅನ್ನ ಇಟ್ಟುಕೊಳ್ಳುತ್ತಿದ್ದೆ. ರುಚಿಯಲ್ಲಿ ಎರಡಕ್ಕೂ ದೊಡ್ಡ ವ್ಯತ್ಯಾಸ ಇರಲಿಲ್ಲ. ದಿನವೂ ಬಟ್ಟಲು ತೆಗೆದು ನೋಡಿದರೆ ಊರವರದು ಒಬ್ಬರೊಳಗೊಬ್ಬರು ಬೆರೆತಿರುತ್ತಿತ್ತು, ನನ್ನದು ಮಾತ್ರ ಮೂಲೆಯಲ್ಲಿ, ಸುತ್ತ ಗೆರೆ ಹಾಕಿಕೊಂಡು. ಕೆಲಸ ಚೊಕ್ಕವಾಗಿದೆ ಎಂಬುದಕ್ಕೆ ಅದೇ ಗುರುತು. ಆದರೂ ಕೆಲವು ದಿನ ಅದನ್ನು ನೋಡಿ ಬೇಜಾರಾಗುತ್ತಿತ್ತು.

ಹೀಗಿರುವಾಗ ಗದಿಗೆಪ್ಪ ಮತ್ತು ಅಡಿವೆಪ್ಪ ಪಾಲಿನ ಅರ್ಜಿ ಹಿಡಿದು ಬಂದರು. ಅಣ್ಣತಮ್ಮಂದಿರು, ಇಬ್ಬರಿಗೂ ಐವತ್ತರ ಆಚೀಚೆ. ಮಂಡಕ್ಕಿ ಹುರಿಯುವ, ಊರಿನ ಒಂದೇ ಒಂದು ಚುರಮುರಿ ಭಟ್ಟಿ ಅವರದು. ಗದಿಗೆಪ್ಪ ದಪ್ಪ ಆಳು, ಗಟ್ಟಿ ದನಿ. ಅಡಿವೆಪ್ಪ ಸಣಕಲ, ಅಣ್ಣನಿಗಿಂತ ಗಟ್ಟಿ ದನಿ. ಜಗಳಕ್ಕೆ ಕಾರಣ ಏನೆಂದರೆ, ಸಂತೆಯ ವ್ಯಾಪಾರಿಗಳ ಎದುರಿಗೆ ತಮ್ಮ, "ಇವತ್ತಿನ ಹುರಿ ನಮ್ಮಣ್ಣಂದು. ಮೆತ್ತಗ ಐತಿ. ನಾಳಿ ಬರ್ರಿ," ಎಂದಿದ್ದ. ಭಟ್ಟಿಯವನಿಗೆ ಚುರಮುರಿ ಮೆತ್ತಗಾಗಿದೆ ಎನ್ನುವುದು ಎಷ್ಟು ದೊಡ್ಡ ಮಾತೋ ನನಗೆ ತಿಳಿಯದು. ಪಾಲಿನ ತನಕ ಬಂದಿತ್ತೆಂದರೆ ದೊಡ್ಡದೇ ಇರಬೇಕು.

ಇಬ್ಬರೂ ಬೆಂಚಿನ ಎರಡು ತುದಿಯಲ್ಲಿ ಕೂತರು. ಆ ಊರಿನಲ್ಲಿ ಮೇಡಂ ಎನ್ನುವ ಬದಲು ನನ್ನನ್ನು ಬಾಯಾರು ಎನ್ನುತ್ತಿದ್ದರು. ಡಬ್ಬಿ ಕೊಡುವಾಗ ಗದಿಗೆಪ್ಪ ದನಿ ತಗ್ಗಿಸಿದ. "ಬಾಯಾರ, ಒಂದು ಮಾತು. ನೀವು ಇವನ್ನ ಕುರಿ ರಕ್ತದ ಮ್ಯಾಲ ಬೆಳಸ್ತೀರಿ ಅಂತ ಕೇಳೇನಿ. ನಮ್ಮ ಹೊಟ್ಟಿಗೆ ಅಜ್ಜನ ಕಾಲದಿಂದ ಮಾಂಸ ಗೊತ್ತಿಲ್ರೀ. ನಮ್ಮವಕ್ಕ ಅಂಥಾದ್ದು ಉಣಸಬ್ಯಾಡ್ರಿ."

"ನಂದೂ ಅದ ಮಾತು," ಎಂದ ಅಡಿವೆಪ್ಪ ಗೋಡೆಯ ಕಡೆ ನೋಡುತ್ತ.

ಸಾದಾ ಅಗರಿನ ಮೇಲೆಯೇ ಬೆಳೆಸುತ್ತೇನೆ ಎಂದೆ. ಸಾದಾ ಅಗರಿಗೂ ಮಾಂಸದ ಸಾರು ಬೀಳುತ್ತದೆ ಎಂಬುದನ್ನು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮರುದಿನ ನೋಡಿದರೆ ಅಣ್ಣನದು ತಮ್ಮನದು ಹಾಲಿಗೆ ಹಾಲು ಬೆರೆತಂತೆ ಕೂಡಿದ್ದವು. ಇದ್ದದ್ದೇ. ಒಂದೇ ಒಲೆಯ ಅಡುಗೆ ಉಂಡವರು. ಹುದ್ದಾರ ಸಾಹೇಬರು ರೂಢಿಯಂತೆ ಅಪ್ಪಣೆ ಕೊಟ್ಟರು. "ಒಂದು ಹಂಗಾಮು ಬ್ಯಾರೆ ಒಲಿ ಹೂಡ್ರಿ. ಆಮ್ಯಾಲ ಮತ್ತ ಪರೀಕ್ಷಾ. ಗೆರಿ ಬಿತ್ತಂದ್ರ ಪಾಲು ಮಾಡಿಕೊಡ್ತೀನಿ. ಬಾಯಾರು ವಾರಕ್ಕೊಮ್ಮೆ ಬಂದು ಒಲಿ ಬ್ಯಾರೆ ಅದಾವೋ ಇಲ್ಲೋ ನೋಡ್ತಾರ."

ಅಡುಗೆಮನೆಯ ನಡುವೆ ಇಟ್ಟಿಗೆಯ ಗೋಡೆ ಎದ್ದಿತು. ಹೊಗೆ ಹೋಗಲಿ ಎಂದು ಎದೆಮಟ್ಟಕ್ಕೆ ನಿಲ್ಲಿಸಿದ್ದರು. ಈಚೆ ಗದಿಗೆಪ್ಪನ ಹೆಂಡತಿ ಬಸಲಿಂಗವ್ವ, ಆಚೆ ಅಡಿವೆಪ್ಪನ ಹೆಂಡತಿ ಕಸ್ತೂರೆವ್ವ. ಇಷ್ಟು ವರ್ಷ ಒಂದೇ ಒಲೆಯ ಮುಂದೆ ಕೂತವರು ಈಗ ಒಬ್ಬರ ತಲೆ ಒಬ್ಬರಿಗೆ ಕಾಣುವ ಹಾಗೆ ನಿಂತು ರೊಟ್ಟಿ ಬಡಿಯುತ್ತಿದ್ದರು. ಮಾತಾಡಬಾರದೆಂದು ಗಂಡಂದಿರ ಕಟ್ಟಪ್ಪಣೆ ಇತ್ತು.

ನಾನು ಮೊದಲ ಸಲ ಹೋದಾಗ ಎರಡೂ ಒಲೆ ನೋಡಿ, ಸರಿ ಇದೆ ಎಂದು ಹೊರಟೆ. ಬಸಲಿಂಗವ್ವ ಬಾಗಿಲಿಗೆ ಅಡ್ಡ ನಿಂತಳು.

"ಮನಿಗೆ ಬಂದ ಹೆಣ್ಣುಮಗಳನ್ನ ಬರೇ ಕೈಲೆ ಹ್ಯಾಂಗ ಕಳಸೂದವಾ?"

"ನಾನು ಯಾರ ಮನೆಯದೂ ಉಣ್ಣೋ ಹಾಗಿಲ್ಲಮ್ಮ."

"ಉಣಬ್ಯಾಡ. ಒಯ್ಯಿ. ಒಯ್ಯಬಾರ್ದು ಅಂತ ಎಲ್ಲಿ ಹೇಳ್ಯಾರ?"

ಹಾಗೆ ಎಲ್ಲಿಯೂ ಹೇಳಿರಲಿಲ್ಲ. ಡಬ್ಬಿ ತೆಗೆದುಕೊಂಡೆ. ಗೋಡೆಯ ಆಚೆಯಿಂದ ನೋಡುತ್ತಿದ್ದ ಕಸ್ತೂರೆವ್ವ ತಾನೂ ಒಂದು ಡಬ್ಬಿ ತುಂಬಿ ಹಿಂದಿನ ಬಾಗಿಲಲ್ಲಿ ನನ್ನ ಕೈಗಿಟ್ಟಳು. ಲ್ಯಾಬಿಗೆ ಬಂದು ಮುಚ್ಚಳ ತೆಗೆದೆ. ಒಂದರಲ್ಲಿ ಎಣ್ಣೆಗಾಯಿ ಮತ್ತು ಮಾವಿನ ಉಪ್ಪಿನಕಾಯಿ. ಇನ್ನೊಂದರಲ್ಲಿ ಅಗಸಿ ಚಟ್ನಿಪುಡಿ, ಶೇಂಗಾ ಹೋಳಿಗೆ. ಒಲೆಯ ಮೇಲೆ ನನ್ನ ಅನ್ನ ಅಗರಿನ ಪಕ್ಕ ಕುದಿಯುತ್ತಿತ್ತು. ಒಂದೆರಡು ತುತ್ತಿನಿಂದ ಏನು ಮಹಾ ಆದೀತು ಎಂದುಕೊಂಡೆ. ಆಮೇಲೆ ಅನ್ನದ ಪಾತ್ರೆ ಕೆಳಗಿಳಿಸಿದೆ.

ಮುಂದಿನ ವಾರ ಡಬ್ಬಿ ಮರಳಿಸಬೇಕು. ಡಬ್ಬಿಯನ್ನು ಖಾಲಿ ತಿರುಗಿ ಕೊಡುವ ರೂಢಿ ನಮ್ಮ ಕಡೆ ಇಲ್ಲ. ತುಂಬಿ ಕೊಡೋಣವೆಂದರೆ ನನ್ನ ಹತ್ತಿರ ಇದ್ದದ್ದು ಅಗರ್. ಆದ್ದರಿಂದ ಬಸಲಿಂಗವ್ವನ ಡಬ್ಬಿಗೆ ಕಸ್ತೂರೆವ್ವನ ಚಟ್ನಿಪುಡಿ ಅರ್ಧ ಹಾಕಿದೆ, ಕಸ್ತೂರೆವ್ವನ ಡಬ್ಬಿಗೆ ಬಸಲಿಂಗವ್ವನ ಉಪ್ಪಿನಕಾಯಿ ಅರ್ಧ. ಇಬ್ಬರೂ ಅದನ್ನು ತೆಗೆದುಕೊಂಡು ಮತ್ತೆ ತುಂಬಿ ಕೊಟ್ಟರು. ವಾರ ವಾರ ಹೀಗೇ ನಡೆಯಿತು. ಕರ್ಚಿಕಾಯಿ ಈಚೆಯಿಂದ ಆಚೆಗೆ ಹೋಯಿತು, ಕೆನೆಮೊಸರು ಆಚೆಯಿಂದ ಈಚೆಗೆ ಬಂತು. ಎರಡರಲ್ಲೂ ಒಂದು ಪಾಲು ನನ್ನ ಹೊಟ್ಟೆಗೆ. ಒಲೆ ಬೇರೆ ಇದೆಯೇ ಎಂದು ನೋಡಲು ಹೋಗುವವಳೇ ಎರಡು ಒಲೆಯನ್ನೂ ಕೂಡಿಸುತ್ತಿದ್ದೇನೆ ಎಂಬುದು ಆಗ ನನಗೆ ಹೊಳೆಯಲಿಲ್ಲ ಎಂದರೆ ಯಾರೂ ನಂಬುವುದಿಲ್ಲ. ನಿಜವಾಗಿಯೂ ಹೊಳೆಯಲಿಲ್ಲ. ಹೋಳಿಗೆ ಅಷ್ಟು ಚೆನ್ನಾಗಿತ್ತು.

ಒಮ್ಮೆ ಬಸಲಿಂಗವ್ವ ನಾನು ಕೊಟ್ಟ ಡಬ್ಬಿ ತೆಗೆದು ಮೂಸಿ ನೋಡಿದಳು. "ಈ ಚಟ್ನಿಪುಡಿ ನೀವ ಮಾಡಿದ್ದೇನ್ರೀ ಬಾಯಾರ?"

"ಹೌದು," ಎಂದೆ.

"ಭಾಳ ಛಲೋ ಆಗೇತಿ. ಅಗಸಿ ಇಷ್ಟು ಕೆಂಪಗ ಹುರಿಯೋರು ಈ ಊರಾಗ ಒಬ್ಬಾಕಿನ ಅದಾಳ ಅನ್ಕೊಂಡಿದ್ದೆ." ಗೋಡೆಯ ಆಚೆ ರೊಟ್ಟಿ ಬಡಿಯುವ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು.

ಹಂಗಾಮು ಮುಗಿಯಿತು. ಅಣ್ಣತಮ್ಮಂದಿರು ಡಬ್ಬಿ ತಂದರು. ಕೆಂಪು ಅಗರ್, ಯೂರಿಯಾ, ಎಲ್ಲ ಸರಿಯಾಗಿ ಮುಗಿಸಿ ಬಟ್ಟಲಿನ ಒಂದು ಕಡೆ ಅಣ್ಣನದು, ಎದುರಿಗೆ ತಮ್ಮನದು, ಕೆಳಗೆ ಸಾಕ್ಷಿಗೆಂದು ನನ್ನದು ಬಿತ್ತಿದೆ. ಬೆಳಿಗ್ಗೆ ಮುಚ್ಚಳ ತೆಗೆದವಳು ಅಲ್ಲೇ ಸ್ಟೂಲಿನ ಮೇಲೆ ಕೂತೆ. ಅಣ್ಣತಮ್ಮಂದಿರದು ಕೂಡಿತ್ತು. ನನ್ನದೂ ಹೋಗಿ ಅವರಲ್ಲಿ ಕೂಡಿತ್ತು. ಮೂರು ಕಡೆಯಿಂದ ಬಂದ ಬಳೆಗಳು ನಡುವೆ ಸೇರಿ ಎಲ್ಲಿಂದ ಎಲ್ಲಿಯವರೆಗೆ ಯಾರದು ಎಂದು ಹೇಳಲು ಬರುವಂತಿರಲಿಲ್ಲ.

ತಂತಿ ಸರಿಯಾಗಿ ಕಾಯಿಸಿರಲಿಕ್ಕಿಲ್ಲ ಎಂದುಕೊಂಡು ಹೊಸ ಅಗರ್ ಕುದಿಸಿ ಮತ್ತೆ ಬಿತ್ತಿದೆ. ಮತ್ತೆ ಹಾಗೇ. ಬಟ್ಟಲನ್ನು ಕಿಟಕಿಗೆ ಹಿಡಿದೆ, ಓರೆಯಾಗಿ ಹಿಡಿದೆ, ದೀಪದ ಮುಂದೆ ಹಿಡಿದೆ. ಗೆರೆ ಇದ್ದರಲ್ಲವೇ ಕಾಣುವುದು! ಮೂರನೆಯ ಹೊಟ್ಟೆ ನನ್ನದು ಎಂದು ಬರೆದ ಚೀಟಿ ಕಿತ್ತು ಹಾಕಿದರೆ ಆಗುತ್ತಿತ್ತೇನೋ. ಆದರೆ ಆ ಬಟ್ಟಲು ನೋಡುತ್ತ ನನಗೆ ಭಯಕ್ಕಿಂತ ಹೆಚ್ಚಾಗಿ ಇನ್ನೇನೋ ಆಗುತ್ತಿತ್ತು. ಅದನ್ನು ಎತ್ತಿಕೊಂಡು ನೇರವಾಗಿ ಸಾಹೇಬರ ಮೇಜಿನ ಮೇಲೆ ಇಟ್ಟೆ.

ಅಣ್ಣತಮ್ಮಂದಿರನ್ನೂ ಅವರ ಹೆಂಡಂದಿರನ್ನೂ ಕರೆಸಲಾಯಿತು. ಗದಿಗೆಪ್ಪ ಬಗ್ಗಿ ನೋಡಿದ. "ಇದು ನಂದು. ಇದು ಅವಂದು. ಈ ಮೂರನೇದು ಯಾರ್ದ್ರೀ?"

"ನನ್ನದು. ನಿಮ್ಮ ಮನೆಯ ಹೋಳಿಗೆ ತಿಂದಿದ್ದೆ," ಎಂದೆ.

ಹುದ್ದಾರ ಸಾಹೇಬರು ಕನ್ನಡಕ ಒರೆಸಿ ಹಾಕಿಕೊಂಡರು. ಅವರಿಗೆ ನಿಯಮ ಎಲ್ಲ ಬಾಯಿಪಾಠ. "ಮೂರೂ ಕೂಡ್ಯಾವ. ಅಂದ್ರ ಒಂದ ಮನಿ. ಹೆಂಡಂದಿರು ಗಂಡನ ಪಾಲಿನಾಗ ಬರ್ತಾರ. ಬಾಯಾರಿಗೆ ಗಂಡ ಇಲ್ಲ. ಅಂದಮ್ಯಾಲ ಈಕಿ ನಿಮ್ಮ ತಂಗಿ. ಈಗಂತೂ ಪಾಲು ಆಗೂದಿಲ್ಲ. ಮುಂದ ಯಾವಾಗರ ಆದ್ರ ಎರಡಲ್ಲ, ಮೂರು."

"ನಾವು ಒಪ್ಪಂಗಿಲ್ಲ!" ಎಂದು ಅಣ್ಣತಮ್ಮಂದಿರು ಒಂದೇ ಉಸಿರಿಗೆ ಕೂಗಿದರು. ಆಮೇಲೆ ಒಟ್ಟಿಗೆ ಮಾತಾಡಿಬಿಟ್ಟೆವಲ್ಲ ಎಂದು ನಾಚಿ ಇಬ್ಬರೂ ಬೇರೆ ಬೇರೆ ಕಡೆ ಮುಖ ತಿರುಗಿಸಿದರು.

"ನಾಕು ಹೋಳಗಿ ತಿಂದ್ರ ಭಟ್ಟಿ ಬರ್ತೈತೇನ್ರೀ?" ಅಡಿವೆಪ್ಪ ಗೋಡೆಗೆ ಕೇಳಿದ.

"ನಾಕಲ್ಲ," ಎಂದೆ ನಾನು. ಸುಳ್ಳು ಹೇಳುವುದು ಬೇಡವೆನಿಸಿತು.

"ಹಂಗಾರ ಹೋಳಗಿ ಕೊಟ್ಟಾವರು ಯಾರು?" ಎಂದು ಗದಿಗೆಪ್ಪ ಗುಡುಗಿದ. ಬಸಲಿಂಗವ್ವ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

"ಬಾಯಾರದು ಏನೂ ತಪ್ಪಿಲ್ರೀ ಸಾಹೇಬ್ರ. ಇವರಿಬ್ಬರೂ ಗೋಡಿ ಕಟ್ಟಿ ಕುಂತ್ರು. ನನಗ ಆಕಿ ಚಟ್ನಿಪುಡಿ ಇಲ್ದ ರೊಟ್ಟಿ ಇಳಿಯಂಗಿಲ್ಲ. ಆಕಿಗೆ ನನ್ನ ಉಪ್ಪಿನಕಾಯಿ ಇಲ್ದ ಅನ್ನ ಇಳಿಯಂಗಿಲ್ಲ. ನಾವು ಮಾತಾಡಬಾರ್ದು ಅಂದಿದ್ರು, ಮಾತಾಡಿಲ್ಲ. ಬಾಯಾರು ಡಬ್ಬಿ ತರ್ತಿದ್ರು, ಒಯ್ತಿದ್ರು. ನಮಗೂ ಇಳೀತು, ನಡಕ ಬಾಯಾರಿಗೂ ಒಂದೀಟು ಇಳೀತು. ಅಷ್ಟ."

"ಮತ್ತ ನೀವು ದಿನಾ ಎರಡೆರಡು ರೊಟ್ಟಿ ಜಾಸ್ತಿ ಉಣ್ತಿದ್ರೆಲ್ಲ," ಎಂದು ಕಸ್ತೂರೆವ್ವ ಗಂಡನಿಗೆ ಹೇಳಿದಳು, "ಉಪ್ಪಿನಕಾಯಿ ಯಾರ್ದು ಅಂತ ಒಮ್ಮೆರ ಕೇಳಿದ್ರೇನು?"

ಅಡಿವೆಪ್ಪ ಕೇಳಿರಲಿಲ್ಲ. ಕೇಳಬಾರದೆಂದೇ ಕೇಳಿರಲಿಲ್ಲ ಎಂಬುದು ಅವನ ಮುಖದಲ್ಲಿ ಕಾಣುತ್ತಿತ್ತು.

ಕೊನೆಗೆ ಸಾಹೇಬರು ನನ್ನ ಕಡೆ ತಿರುಗಿದರು. "ಬಾಯಾರ, ಇನ್ನ ನೀವು ಹೊರಗಿನಾವ್ರಲ್ಲ. ಬಟ್ಟಲು ಓದೂ ಹಂಗಿಲ್ಲ. ಹೊಸಬರು ಬರೂತನಕ ಲ್ಯಾಬಿಗೆ ಬೀಗ." ಬೀಗದ ಕೈಗೆ ಕೈ ಚಾಚಿದರು. ಕೊಟ್ಟೆ. ಅಲ್ಲಿಗೆ ನನ್ನ ಕೆಲಸ ಹೋಯಿತು, ಚುರಮುರಿ ಭಟ್ಟಿಯಲ್ಲಿ ಪಾಲು ಬಂತು, ಇಬ್ಬರು ಅಣ್ಣಂದಿರು ಬಂದರು. ಇಬ್ಬರೂ ನನ್ನ ಮುಖ ನೋಡಲು ತಯಾರಿರಲಿಲ್ಲ.

ಹೆಂಡಂದಿರಿಗೆ ಮಾತ್ರ ಹಬ್ಬ. "ನಾದಿನಿ ಬಂದಳು" ಎಂದು ಬಾಗಿಲಲ್ಲೇ ಕೂಗುತ್ತಿದ್ದರು. ಲ್ಯಾಬು ಮುಚ್ಚಿದ್ದರಿಂದ ನನಗೆ ಹೋಗಲು ಬೇರೆ ಜಾಗವೂ ಇರಲಿಲ್ಲ, ದಿನವೂ ಭಟ್ಟಿಗೆ ಹೋಗಿ ಕೂರುತ್ತಿದ್ದೆ. ಅಣ್ಣತಮ್ಮಂದಿರು ಒಂದೇ ಭಟ್ಟಿಯ ಎರಡು ಕಡೆ ನಿಂತು ಕೆಲಸ ಮಾಡಬೇಕು, ಆದರೆ ಮಾತು ಬಿಟ್ಟಿದ್ದರು. ಉಸುಕು ಕಾದಿದೆಯೇ, ಅಕ್ಕಿ ಸುರಿಯಬಹುದೇ, ಜರಡಿ ಎಲ್ಲಿ, ಇದನ್ನೆಲ್ಲ ಕೇಳಲು ಯಾರಾದರೂ ಬೇಕಲ್ಲ. ಮೊದಲು ಗದಿಗೆಪ್ಪ, ಮುಖ ಆ ಕಡೆ ಇಟ್ಟುಕೊಂಡೇ, "ತಂಗೀ, ಅವಂಗ ಹೇಳು, ಉರಿ ಕಡಿಮಿ ಮಾಡು ಅಂತ," ಎಂದ. ನಾನು ಎರಡು ಮಾರು ದೂರದಲ್ಲಿದ್ದ ಅಡಿವೆಪ್ಪನಿಗೆ ಹೇಳಿದೆ. "ಅವಂಗ ಹೇಳು, ನನಗ ಕಣ್ಣು ಅದಾವ ಅಂತ," ಎಂದು ಉತ್ತರ ಬಂತು. ಅದನ್ನೂ ಮುಟ್ಟಿಸಿದೆ. ಬರಬರುತ್ತ ಬೈಗುಳಗಳನ್ನು ಅರ್ಧ ಮಾಡಿ ಮುಟ್ಟಿಸುವುದು ಕಲಿತೆ. ಆಮೇಲೆ ಕಾಲು ಮಾಡಿ. ಭಟ್ಟಿಯ ಕೆಲಸ ಮೊದಲಿಗಿಂತ ಚೆನ್ನಾಗಿ ನಡೆಯತೊಡಗಿತು.

ಒಂದು ದಿನ ಸಂತೆಯ ವ್ಯಾಪಾರಿಯೊಬ್ಬ ಚೀಲ ತುಂಬಿಸಿಕೊಳ್ಳುತ್ತ ನನ್ನನ್ನು ನೋಡಿ ನಕ್ಕ. "ಏನ್ ಗದಿಗೆಪ್ಪ, ಬಿಟ್ಟಿ ಉಂಡು ತಂಗಿ ಆದಾಕಿ ಈಕಿನ ಏನು?" ಗದಿಗೆಪ್ಪ ತುಂಬಿದ ಚೀಲವನ್ನು ಮತ್ತೆ ರಾಶಿಗೆ ಸುರಿದ. "ಇವತ್ತ ಮಾಲು ಇಲ್ಲ." ವ್ಯಾಪಾರಿ ಹಿಂದಿನ ಬಾಗಿಲಿಗೆ ಸುತ್ತಿ ಬಂದು ಅಡಿವೆಪ್ಪನನ್ನು ಕೇಳಿದ. "ನನ್ನ ಕಡೀಗೂ ಇಲ್ಲ," ಎಂದ ಅಡಿವೆಪ್ಪ. ಅವನ ಬೆನ್ನ ಹಿಂದೆ ಚುರಮುರಿ ಗುಡ್ಡದಂತೆ ಬಿದ್ದಿತ್ತು.

ಮನೆಯವರೆಲ್ಲ ಒಂದು ಮದುವೆಗೆಂದು ವಾರದ ಮಟ್ಟಿಗೆ ಬೇರೆ ಊರಿಗೆ ಹೋದಾಗ ನಾನು ಬಸ್ ಸ್ಟ್ಯಾಂಡಿನಲ್ಲಿ ಭಜಿ ತಿಂದೆ. ಅದೇ ನೆಪವಾಯಿತು. ಜ್ವರ, ಹೊಟ್ಟೆನೋವು, ಎದ್ದು ನಿಲ್ಲಲು ಆಗದಷ್ಟು ಭೇದಿ. ದವಾಖಾನೆಯ ಡಾಕ್ಟರು ಕುದುರೆಗೆ ಕೊಡುವಂಥ ಗುಳಿಗೆ ಕೊಟ್ಟರು, ಮೇಲೆ ಸೂಜಿ ಚುಚ್ಚಿದರು. "ಹೊಟ್ಟ್ಯಾಗ ಏನೇನದಾವೋ ಎಲ್ಲಾ ಸಾಯ್ತಾವ ನೋಡ್ರಿ," ಎಂದು ಧೈರ್ಯ ಹೇಳಿದರು. ನನ್ನ ಕೋಣೆಯಲ್ಲಿ ಮಲಗಿ ನೀರು ಕುಡಿಯುತ್ತ ಗುಳಿಗೆ ನುಂಗಿದೆ. ಅನ್ನ ಸೇರುತ್ತಿರಲಿಲ್ಲ.

ಡಾಕ್ಟರ ಮಾತು ಹುದ್ದಾರ ಸಾಹೇಬರ ಕಿವಿಗೆ ಬಿದ್ದದ್ದೇ ಅವರಿಗೆ ಏನೋ ಹೊಳೆಯಿತು. ಜ್ವರ ಇಳಿದ ಮೇಲೆ ನನ್ನ ಕೈಲಿ ಡಬ್ಬಿ ಕೊಡಿಸಿಕೊಂಡು ಲ್ಯಾಬಿನ ಬೀಗ ತೆಗೆದರು. ನಾನು ಒಳಗೆ ಕಾಲಿಡುವಂತಿರಲಿಲ್ಲ. ಶಾಲು ಹೊದ್ದು ಹೊಸ್ತಿಲ ಹೊರಗೆ ಕೂತು, "ತಂತಿ ಕೆಂಪಗೆ ಕಾಯಿಸಿ ಸಾಹೇಬರೇ... ಅಯ್ಯೋ, ಆರಲಿ, ಆರಿದ ಮೇಲೆ ಮುಟ್ಟಿಸಿ... ಅದು ಮುಚ್ಚಳ, ಬಟ್ಟಲು ಆ ಕಡೆಯದು," ಎಂದು ಕೂಗಿ ಕೂಗಿ ಹೇಳಿದೆ. ಸಾಹೇಬರು ಒಂದು ಕೈಯಲ್ಲಿ ಮೂಗು ಹಿಡಿದುಕೊಂಡು ಇನ್ನೊಂದರಲ್ಲಿ ಬಿತ್ತಿದರು.

ಬಟ್ಟಲಿನಲ್ಲಿ ಏನೂ ಬೆಳೆಯಲಿಲ್ಲ. ಕೆಂಪು ಅಗರು ಆಗಷ್ಟೇ ಎರೆದಂತೆ ನುಣ್ಣಗಿತ್ತು. ಖಾಲಿ ಬಟ್ಟಲನ್ನು ಓದಲು ಯಾವ ತರಬೇತಿಯೂ ಬೇಡ.

ಸಾಹೇಬರು ಅದನ್ನು ಹಿಡಿದುಕೊಂಡೇ ನನ್ನ ಕೋಣೆಗೆ ಬಂದರು. ಅಷ್ಟು ಖುಷಿಯಾಗಿ ಅವರನ್ನು ನಾನು ನೋಡಿರಲಿಲ್ಲ. "ಬಾಯಾರ, ನೀವೀಗ ಯಾರ ಮನಿಯವರೂ ಅಲ್ಲ! ಬಸ್ಸಿಳದು ಬಂದ ದಿನಾ ಹ್ಯಾಂಗಿದ್ರಿ ಹಂಗ ಆಗೀರಿ. ಅದಕ್ಕಿಂತ ಸ್ವಚ್ಛ ಆಗೀರಿ. ನಾಳಿನ ಲ್ಯಾಬು ಚಾಲೂ ಮಾಡ್ರಿ. ಒಂದ ಮಾತು, ಆ ಮನಿ ತುತ್ತು ಮಾತ್ರ ಬಾಯಿಗೆ ಹಾಕಬ್ಯಾಡ್ರಿ."

"ಹಾಕಿದರೆ?"

"ಹಾಕಿದ್ರ ಬೀಗದ ಕೈ ಹೊಸಬರಿಗೇ. ಅಗರು ಕುದಸೂ ಕೆಲಸ ಬೇಕಾದ್ರ ಕೊಡಬಹುದು, ಅದಕ್ಕ ಹೊಟ್ಟಿ ಯಾರ್ದಾದ್ರೂ ನಡೀತದ. ಆದ್ರ ಓದೂದು ಇಲ್ಲ." ಬಟ್ಟಲನ್ನು ಪಕ್ಕಕ್ಕಿಟ್ಟು ಮೆಲ್ಲಗೆ ಹೇಳಿದರು, "ವಿಚಾರ ಮಾಡ್ರಿ. ನಿಮ್ಮಷ್ಟು ನೆಟ್ಟಗ ಗೆರಿ ಓದಿದಾವರು ಇಲ್ಲಿ ತನಕ ಬಂದಿಲ್ಲ."

ಆ ಕೆಲಸ ನನಗೆ ಇಷ್ಟವಿತ್ತು. ತಂತಿಯ ತುದಿಯಲ್ಲಿ ಒಂದೇ ಒಂದನ್ನು ಮುಟ್ಟಿ ತೆಗೆಯುವುದು, ಸಂಜೆ ನಳಿಗೆಯ ಬಣ್ಣ ತಿರುಗುವುದನ್ನು ಕಾಯುವುದು, ಇವನೇ ಎಂದು ಹೆಸರು ಹಿಡಿದು ಹೇಳುವುದು. ಕಲಿಯಲು ಎಷ್ಟು ಒದ್ದಾಡಿದ್ದೆ. ನನ್ನ ಹೊಟ್ಟೆ ನಿಜವಾಗಿಯೂ ಖಾಲಿಯಾಗಿತ್ತು, ಹಸಿವೂ ಇರಲಿಲ್ಲ. ಆ ಮನೆಯ ತುತ್ತು ಬೇಡ ಎನ್ನುವುದು ಆಗ ಬಹಳ ಸುಲಭವಾಗಿತ್ತು.

ಸಾಹೇಬರು ಇನ್ನೂ ಕೂತಿರುವಾಗಲೇ ಮೆಟ್ಟಿಲ ಮೇಲೆ ಧಡಧಡ ಸದ್ದಾಯಿತು. ಮದುವೆಯಿಂದ ಬಂದವರು ಸುದ್ದಿ ಕೇಳಿ ಬಂದಿದ್ದರು. ಗದಿಗೆಪ್ಪನ ಕೈಯಲ್ಲಿ ಒಂದು ಪಾತ್ರೆ, ಅಡಿವೆಪ್ಪನ ಕೈಯಲ್ಲಿ ಒಂದು ಪಾತ್ರೆ. ಸಣ್ಣ ಬಾಗಿಲು, ಇಬ್ಬರೂ ಒಟ್ಟಿಗೆ ನುಗ್ಗಿ ಸಿಕ್ಕಿಕೊಂಡರು. ಹಿಂದೆ ನಿಂತ ಹೆಂಡಂದಿರು ದಬ್ಬಿದ ಮೇಲೆ ಒಳಗೆ ಬಿದ್ದರು.

ಸಾಹೇಬರು ಖಾಲಿ ಬಟ್ಟಲು ಎತ್ತಿ ತೋರಿಸಿದರು. "ನಿಮಗೂ ಅನುಕೂಲ ಆತು. ಈಕಿ ಈಗ ನಿಮ್ಮ ತಂಗಿ ಅಲ್ಲ. ನೀವು ಕೊಡದಿದ್ರ, ಈಕಿ ಉಣದಿದ್ರ, ಡಬ್ಬಿ ಆಚೆಯಿಂದ ಈಚೆಗೆ ಹೋಗದಿದ್ರ, ಮುಂದಿನ ಹಂಗಾಮಿಗೆ ಗೆರಿ ಬಿದ್ದ ಬೀಳ್ತದ. ಎರಡ ಪಾಲು, ಮೊದಲು ಕೇಳಿದಂಗ."

ಗದಿಗೆಪ್ಪ ಬಟ್ಟಲನ್ನು ನೋಡಿದ, ನನ್ನ ಮುಖ ನೋಡಿದ. ಕನ್ನಡಿಯಲ್ಲಿ ನೋಡಿಕೊಂಡಿದ್ದೆ, ನನ್ನ ಮುಖವೂ ಆ ಬಟ್ಟಲಿನ ಹಾಗೇ ಬರಿದಾಗಿತ್ತು. ಅವನು ತನ್ನ ಪಾತ್ರೆಯನ್ನು ನನ್ನ ಮುಂದೆ ಇಟ್ಟ.

"ತಂಗೀ, ಅವಂಗ ಕೇಳು, ಎರಡು ಪಾಲು ಬೇಕೇನಂತ."

ನಾನು ಅಡಿವೆಪ್ಪನ ಕಡೆ ತಿರುಗಿದೆ. "ಎರಡು ಪಾಲು ಬೇಕಾ ಅಂತ ಕೇಳ್ತಿದಾರೆ."

"ಅವಂಗ ಹೇಳು," ಎಂದ ಅಡಿವೆಪ್ಪ, ಪಾತ್ರೆಯ ಬಟ್ಟೆ ಬಿಚ್ಚುತ್ತ, "ಮದ್ಲ ಆಕಿ ಉಣ್ಣಲಿ. ಜಗಳ ಆಮ್ಯಾಲ ಮಾಡೂಣು."

ಅದನ್ನು ಮುಟ್ಟಿಸುವ ಕೆಲಸ ನನಗೆ ಬರಲಿಲ್ಲ. ಗದಿಗೆಪ್ಪ ಆಗಲೇ ತಮ್ಮನ ಪಾತ್ರೆಯೊಳಗೆ ಇಣುಕಿ ನೋಡಿ ಕೆಂಡವಾಗಿದ್ದ. "ಮಜ್ಜಗಿ ಅನ್ನಾ ತಂದೀ, ಚಮಚಾ ಎಲ್ಲೈತಲೇ? ಕೈ ನಡಗಾಕತ್ತಾವ ಆಕೀವು, ಹ್ಯಾಂಗ ಉಣಬೇಕು ಆಕಿ?"

"ನೀನು ತರಬೇಕಿತ್ತು! ಯಾವಾಗ್ಲೂ ನಾನ ತರಬೇಕೇನು?"

"ಸಣ್ಣಾಂವ ನೀನು!"

"ದೊಡ್ಡಾಂವ ಅಂದ್ರ ಬರೇ ಮಾತಾಡಾಂವೇನು?"

ಅವರು ಎಷ್ಟು ಜೋರಾಗಿ ಕೂಗುತ್ತಿದ್ದರೆಂದರೆ ಕೆಳಗೆ ರಸ್ತೆಯಲ್ಲಿ ಜನ ನಿಂತರು. ಅರ್ಜಿ ಕೊಟ್ಟ ದಿನದಿಂದ ಒಬ್ಬರಿಗೊಬ್ಬರು ನೇರವಾಗಿ ಆಡಿದ ಮೊದಲ ಮಾತುಗಳು ಅವು. ಬಸಲಿಂಗವ್ವ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. ಕಸ್ತೂರೆವ್ವ ಇಬ್ಬರ ನಡುವೆ ನುಸುಳಿ ಬಂದು ಎರಡೂ ಪಾತ್ರೆಯ ಅನ್ನವನ್ನು ಒಂದು ತಟ್ಟೆಗೆ ಸುರಿದು ಕಲಸಿ ನನ್ನ ಮಡಿಲ ಮೇಲೆ ಇಟ್ಟಳು.

ಹುದ್ದಾರ ಸಾಹೇಬರು ನನ್ನನ್ನೇ ನೋಡುತ್ತಿದ್ದರು. ನಾನು ಕೈ ತೊಳೆಯಲು ನೀರು ಕೇಳಿದೆ. ಅವರು ನಿಟ್ಟುಸಿರು ಬಿಟ್ಟು ತಾವೇ ಎದ್ದು ಚೊಂಬು ತಂದು ಕೊಟ್ಟರು. ಆಮೇಲೆ ಖಾಲಿ ಬಟ್ಟಲನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು ಹೊರಟುಹೋದರು.

ಅನ್ನ ಇನ್ನೂ ಬೆಚ್ಚಗಿತ್ತು. ಉಪ್ಪು ತುಸು ಹೆಚ್ಚಾಗಿತ್ತು. ಹೇಳಿದರೆ ಅದು ಯಾರ ಪಾತ್ರೆಯದೆಂದು ಮತ್ತೆ ಶುರುವಾದೀತೆಂದು ಸುಮ್ಮನೆ ಎಲ್ಲವನ್ನೂ ಉಂಡೆ.